ದೇವೀರಿ ಬಿತ್ತಿದ ಹೊಗೆಸೊಪ್ಪು

ನಮ್ಮೂರಿನಲ್ಲಿ ತೆಂಗಿನಕಾಯಿ ಕೀಳಲು ಯಾರೂ ಮರ ಹತ್ತುವುದಿಲ್ಲ. ನಿಂತಲ್ಲೇ ಕೈ ಚಾಚಿದರೆ ಗೊನೆ ಸಿಗುತ್ತದೆ. ಯಾವ ಗಿಡವಾದರೂ ಬಿತ್ತಿದವರ ತಲೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಅದಕ್ಕೇ ತೆಂಗು, ಮಾವು, ಹಲಸು ಇಂಥವನ್ನು ಹಾಕಬೇಕಾದಾಗ ಎಲ್ಲರೂ ಚಿಕ್ಕಣ್ಣನನ್ನೇ ಕರೆಯುತ್ತಾರೆ. ಹೆಸರಿಗಷ್ಟೇ ಚಿಕ್ಕಣ್ಣ. ನಮ್ಮ ಮನೆಗೆ ಬಗ್ಗಿ ಬಂದರೂ ಬಾಗಿಲ ಪಟ್ಟಿಗೆ ಹಣೆ ಹೊಡೆದುಕೊಳ್ಳುವ ಆಳು ಅವನು. ಕರೆದವರ ಮನೆ ಜಗಲಿಯಲ್ಲಿ ಕೂತು, ಮೊದಲು "ಊಟಕ್ಕೇನ್ ಮಾಡಿದ್ದೀರವ್ವ?" ಎಂದು ಕೇಳಿ, ಉತ್ತರ ಹಿಡಿಸಿದ ಮೇಲೆಯೇ ಹಿತ್ತಲಿಗೆ ಹೋಗುತ್ತಾನೆ. ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದ ಆಲ, ಅರಳಿಗಳು ಗೋಡೆಯ ಸಂದಿಯಲ್ಲಿ ಗೇಣುದ್ದವೂ ಇರುವುದಿಲ್ಲ. ಅವುಗಳ ನೆರಳಿನಲ್ಲಿ ಇರುವೆಗಳು ಪಂಚಾಯ್ತಿ ಮಾಡುತ್ತವೆ ಎಂದು ಮಕ್ಕಳು ನಗುತ್ತಾರೆ. ಕಾಗೆಯ ಗೂಡು ಕಣ್ಣೆದುರಿಗೇ ಇರುವುದರಿಂದ, ಮೊಟ್ಟೆ ಮುಟ್ಟಬಾರದು ಎಂಬುದನ್ನು ಮಕ್ಕಳಿಗೆ ಮಾತು ಬರುವ ಮೊದಲೇ ಕಲಿಸಿಬಿಡುತ್ತೇವೆ.

ನಮ್ಮ ಮಾವನವರು ಬಾವಿಯ ಪಕ್ಕ ಹಾಕಿದ್ದ ನುಗ್ಗೆ ಈಗಲೂ ಅವರ ಎತ್ತರಕ್ಕೇ ಇದೆ. ಕೊನೆಗಾಲದಲ್ಲಿ ಅವರ ಬೆನ್ನು ಬಾಗಿದಾಗ ಅದೂ ಸ್ವಲ್ಪ ಬಾಗಿತ್ತು, ಹಾಗೇ ಉಳಿದಿದೆ. ನಮ್ಮತ್ತೆ ಕೆಂಪಾಜಮ್ಮ ಅದರ ಮೇಲೆಯೇ ತಮ್ಮ ಸೀರೆ ಒಣಹಾಕುತ್ತಾರೆ. "ಏನಾರ ಒಂದ್ ಕೆಲ್ಸ ಮಾಡ್ಲಿ, ಸುಮ್ಕೆ ನಿಂತದೆ" ಎನ್ನುತ್ತಾರೆ.

ಮಕ್ಕಳಿಗೆ ಐದು ತುಂಬಿದಾಗ ಅವರ ಕೈಯಿಂದ ಹಿತ್ತಲಲ್ಲಿ ಒಂದು ಕರಿಬೇವಿನ ಬೀಜ ಊರಿಸುವುದು ಇಲ್ಲಿನ ಪದ್ಧತಿ. ಆಮೇಲೆ ಮಗುವನ್ನು ಗೋಡೆಗೆ ನಿಲ್ಲಿಸಿ ಗೆರೆ ಎಳೆಯುವುದೇನೂ ಇಲ್ಲ, ಗಿಡವನ್ನು ನೋಡಿದರಾಯಿತು. ಮನೆಗೆ ಬಂದ ನೆಂಟರು ನೀರು ಕುಡಿದು ನೇರ ಹಿತ್ತಲಿಗೆ ನಡೆಯುತ್ತಾರೆ. ಹೆಣ್ಣು ನೋಡಲು ಬಂದವರೂ ಅಷ್ಟೇ, ಹುಡುಗಿಗಿಂತ ಮೊದಲು ಕರಿಬೇವು ನೋಡುತ್ತಾರೆ. ಅಡುಗೆಗೆ ಕೆಳಗಿನ ರೆಂಬೆಯ ಎಲೆಗಳನ್ನು ಬಿಡಿಸಿಕೊಳ್ಳಬಹುದು. ತುದಿಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ನನ್ನ ಮಗಳು ದೇವೀರಿಯ ಕರಿಬೇವು ಎರಡು ವರ್ಷದಿಂದ ನಿಂತಲ್ಲೇ ನಿಂತಿತ್ತು. ಅವಳಿಗೆ ಆಗ ಹನ್ನೊಂದು. ವಾರಗೆಯ ಹುಡುಗಿಯರ ಗಿಡಗಳು ಬೇಲಿ ದಾಟಿ ಇಣುಕುತ್ತಿದ್ದರೆ ನಮ್ಮದು ನನ್ನ ಸೊಂಟದ ಮೇಲೆ ಒಂದಿಷ್ಟು, ಅಷ್ಟೇ. ನಾನು ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ಮೊಟ್ಟೆ ಬೇಯಿಸಿ ಕೊಟ್ಟೆ, ರಾಗಿ ಹುರಿಹಿಟ್ಟಿಗೆ ಬೆಲ್ಲ ಕಲಸಿ ಕೊಟ್ಟೆ. ಮೈ ಕೈ ದುಂಡಗಾಯಿತು. ಗಿಡ ಅಲ್ಲಾಡಲಿಲ್ಲ. ಪಕ್ಕದ ಮನೆಯ ಸಿದ್ದಾಜಮ್ಮ ಬೇಲಿಯ ಆಚೆಯಿಂದ ದಿನಕ್ಕೊಮ್ಮೆ ನೋಡಿ, "ಹಂಗೇ ಅದಲ್ಲಾ ಮಂಚವ್ವ?" ಎಂದು ನನ್ನನ್ನು ಕೇಳುವರು. ಅವರಿಗೆ ಕೆಟ್ಟ ಮನಸ್ಸಿಲ್ಲ, ಬಾಯಿ ಸುಮ್ಮನಿರುವುದಿಲ್ಲ ಅಷ್ಟೇ. ಆದರೆ ದೇವೀರಿ ಹಿತ್ತಲಿಗೆ ಬರುವುದನ್ನೇ ಬಿಟ್ಟಳು. ಶಾಲೆಗೆ ಹೋಗುವಾಗಲೂ ಯಾರ ಗಿಡಗಳೂ ಕಾಣದ ಹಿಂದಿನ ಓಣಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಒಂದು ಸಂಜೆ ತಲೆ ಬಾಚಿಸಿಕೊಳ್ಳುತ್ತಾ, "ಅವ್ವ, ನಾನು ಇಷ್ಟೇನಾ?" ಎಂದಳು. ನಾನು ಜಡೆ ಹೆಣೆಯುತ್ತಲೇ, "ಬರೋ ವರ್ಷ ನೋಡು" ಎಂದೆ. ಹಿಂದಿನ ವರ್ಷವೂ ಅದನ್ನೇ ಹೇಳಿದ್ದೆ.

ಆ ವರ್ಷವೇ ಹೊಗೆಸೊಪ್ಪಿನ ಪೀರು ಸಾಬರು ಊರಿಗೆ ಬರುವುದು ನಿಂತಿತು. ಹೊರಗಿನ ಯಾವುದೋ ಊರಿನಿಂದ ಸೈಕಲ್ಲಿನ ಹಿಂದೆ ಕಂತೆ ಕಟ್ಟಿಕೊಂಡು ಬರುತ್ತಿದ್ದವರು. ಕೊನೆಯ ಸಲ ಬಂದು ನಮ್ಮ ಜಗಲಿಯಲ್ಲಿ ಕೂತು, "ಮಂಡಿ ಹೋಗ್ಬುಡ್ತು ತಾಯಿ, ಇನ್ ಈ ದಿಬ್ಬ ಹತ್ತಕ್ಕಾಗಲ್ಲ" ಎಂದು ಅತ್ತೆಗೆ ಒಂದು ಕಂತೆ ಪುಕ್ಕಟೆ ಕೊಟ್ಟು, ಜೊತೆಗೆ ಬಟ್ಟೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟನ್ನೂ ಕೊಟ್ಟರು. ಗಂಟು ಬಿಚ್ಚಿದರೆ ಒಳಗೆ ನಶ್ಯದಂಥ ಪುಡಿ.

"ಇದೇನ್ ಸಾಬರೇ, ಮೂಗಿಗೇರ್ಸಕ್ಕಾ?" ಎಂದರು ಅತ್ತೆ.

"ಬೀಜ ಕಣವ್ವ. ಉಸ್ರು ಬುಡಬ್ಯಾಡ, ಹಾರೋಯ್ತದೆ. ಇಷ್ಟಿದ್ರೆ ನಿಮ್ಮೂರಿಗೆಲ್ಲಾ ಆಗ್ತದೆ."

ನಾನೂ ದೇವೀರಿಯೂ ತಲೆಗೆ ತಲೆ ತಾಗಿಸಿ ನೋಡಿದೆವು. ಅಷ್ಟು ಸಣ್ಣ ಬೀಜವನ್ನು ನಾನು ಕಂಡೇ ಇರಲಿಲ್ಲ. ಗಸಗಸೆ ಅದರ ಮುಂದೆ ಕುಂಬಳಕಾಯಿ. ದೇವೀರಿ ಬೆರಳ ತುದಿ ಒತ್ತಿ ಎತ್ತಿದಳು. ರೇಖೆಗಳ ಸಂದಿಯಲ್ಲೆಲ್ಲ ಕಂದು ಚುಕ್ಕಿಗಳು. "ಇದ್ರೊಳ್ಗೆ ಗಿಡ ಅದಾ ಅಜ್ಜಿ? ಎಲೆ, ಬೇರು ಎಲ್ಲಾ?" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಅಂಥ ಕುತೂಹಲ ಕೇಳಿದ್ದೆ ನಾನು.

ಕಂತೆ ಮುಗಿಯುತ್ತಾ ಬಂದಂತೆ ಅತ್ತೆಗೆ ತಲೆನೋವು, ಮುಂಗೋಪ ಶುರುವಾಯಿತು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಹುಲ್ಲು ಮೇದಂಗದೆ" ಎಂದು ಉಗಿದುಬಿಡುವರು. ಆ ಅಭ್ಯಾಸ ಬಿಡಲಿ ಎಂದು ನನಗೂ ಒಳಗೊಳಗೆ ಇತ್ತು. ಬಿಡುವುದು ಹೋಗಲಿ, ಅವರು ಊಟವನ್ನೇ ಬಿಡುವ ಹಾಗಾಯಿತು. ಕೊನೆಗೆ, "ಬೀಜ ಹಾಕಣ ಕಣಮ್ಮಿ. ನನ್ ಕೈ ನಡುಗ್ತದೆ. ಈ ಕೂಸಿನ್ ಕೈ ಹಗೂರ, ಅದೇ ಹಾಕ್ಲಿ" ಎಂದರು. ಒಂದು ಕರಿಬೇವು ಸಾಲದೆಂದು ಅವಳ ಎತ್ತರಕ್ಕೆ ನಿಲ್ಲುವ ಗಿಡಗಳ ಸಾಲನ್ನೇ ಎಬ್ಬಿಸುವುದೇ? ನಾನು ಹಾಕುತ್ತೇನೆ ಎಂದೆ. ಅಷ್ಟರಲ್ಲಿ ದೇವೀರಿಯೇ ಮುಂದೆ ಬಂದು, "ಬ್ಯಾಡವ್ವ, ನಾನೇ" ಎಂದಳು. ಆಮೇಲೆ ನನ್ನೊಬ್ಬಳಿಗೇ ಕೇಳುವಂತೆ, "ಇದು ಬಿರ್ರನೆ ಬೆಳೀತದಂತೆ. ನಾನು ಇಷ್ಟೇ ಅಂತ ಅದಕ್ಕೆ ಗೊತ್ತಾಗೋದ್ರೊಳ್ಗೆ ಮೇಲಕ್ ಹೋಗ್ಬುಟ್ರೆ?" ಎಂದಳು. ಇಂಥ ಮಾತಿಗೆ ಯಾವ ತಾಯಿ ಇಲ್ಲವೆನ್ನುತ್ತಾಳೆ?

ಮೊದಲ ಸಲ ಕೆಟ್ಟಿತು. ನಮ್ಮೂರಿನಲ್ಲಿ ಬೀಜವನ್ನು ಹೆಬ್ಬೆರಳಿನಿಂದ ಗೆಣ್ಣು ಮುಳುಗುವ ತನಕ ಒತ್ತಿ ಊರುತ್ತೇವೆ, ಯಾರ ಕೈ ಎಂದು ಅದಕ್ಕೆ ಚೆನ್ನಾಗಿ ಗೊತ್ತಾಗಲಿ ಎಂದು. ಅತ್ತೆ ತಲೆನೋವೆಂದು ಒಳಗೆ ಮಲಗಿದ್ದರು. ದೇವೀರಿ ಅರ್ಧ ಗಂಟನ್ನು ಹಾಗೇ ಪಾತಿಯ ಉದ್ದಕ್ಕೂ ಊರಿದಳು. ನಾನೂ ಪಕ್ಕದಲ್ಲಿ ಕೂತು, "ಇನ್ನೊಂಚೂರು ಆಳಕ್ಕೆ ಮಗ" ಎಂದು ಹೇಳಿಕೊಟ್ಟೆ. ದಿನಗಳು ಹೋದವು. ಹುಲ್ಲು ಹುಟ್ಟಿತು, ಕೊತ್ತಂಬರಿ ಹುಟ್ಟಿತು, ಹೊಗೆಸೊಪ್ಪಿನ ಸುಳಿವಿಲ್ಲ. ಅವಳು ಬೆಳಿಗ್ಗೆ ಎದ್ದು ಪಾತಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡುವಳು, ಎದ್ದು ಶಾಲೆಗೆ ಹೋಗುವಳು. ಕೊನೆಗೆ ಅತ್ತೆಯೇ ಎದ್ದು ಬಂದು ಮಣ್ಣು ಕೆದಕಿ ನೋಡಿ ಹಣೆ ಚಚ್ಚಿಕೊಂಡರು.

"ಹೂಳಕ್ಕೆ ಯಾರ್ ಹೇಳ್ದೋರಮ್ಮಿ? ಇದೇನ್ ಹೆಣವಾ? ಇದು ಬೆಳ್ಕು ಕಂಡೇ ಹುಟ್ಟೋ ಬೀಜ. ಮಣ್ ಮೇಲೆ ಸುಮ್ಕೆ ಧೂಳಿನಂಗೆ ಉದುರುಸ್ಬೇಕು."

ಅತ್ತೆ ಹೊರಗಿನವರು. ಅವರ ತವರಿನಲ್ಲಿ ಮರಗಳು ಮನೆಯನ್ನೂ ಮೀರಿ ಹೋಗುತ್ತವಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿ ತಲೆ ಎತ್ತಿದರೆ ಬರೀ ಆಕಾಶವೇ ಕಂಡು ಹೆದರಿ ಒಳಗೇ ಕೂತಿದ್ದರಂತೆ. ಅವರ ಅಪ್ಪ ಮನೆಯ ಹಿಂದೆ ಹೊಗೆಸೊಪ್ಪು ಬೆಳೆಯುತ್ತಿದ್ದರು. ಅವರು ಹೇಳಿದ ಹಾಗೆ ಎರಡನೆಯ ಸಲ ಮಾಡಿದೆವು. ಮಣ್ಣನ್ನು ಜರಡಿ ಹಿಡಿದು ಮಡಿ ಕಟ್ಟಿ, ಉಳಿದ ಬೀಜವನ್ನು ಒಲೆಯ ಬೂದಿಯಲ್ಲಿ ಬೆರೆಸಿದೆವು. ದೇವೀರಿ ಹಿಟ್ಟು ಉದುರಿಸಿದ ಹಾಗೆ ಮೂರು ಬೆರಳಿನಲ್ಲಿ ಉದುರಿಸಿದಳು. ಮೇಲೆ ತೆಳ್ಳಗೆ ಹುಲ್ಲು ಹರಡಿ, ಬಟ್ಟೆ ಅದ್ದಿ ಹನಿ ಹನಿಯಾಗಿ ನೀರು ಹಿಂಡಿದೆವು. ಸುರಿದರೆ ಬೀಜ ತೇಲಿ ಹೋಗುತ್ತದಲ್ಲ. ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಹಿತ್ತಲಿನಿಂದ, "ಅವ್ವಾ! ಮಣ್ಣಿಗೆ ಪಾಚಿ ಬಂದದೆ!" ಎಂದು ಕೂಗಿದಳು. ಹಿಟ್ಟಿನ ಕೈಯಲ್ಲೇ ಓಡಿದೆ. ಪಾಚಿಯಲ್ಲ, ಸಸಿಗಳು. ಒಂದೊಂದಕ್ಕೂ ಸಾಸಿವೆಯ ಅರ್ಧದಷ್ಟು ಎರಡು ಎಲೆ. ರೊಟ್ಟಿ ಹೊತ್ತಿಹೋಯಿತು.

ಸಸಿಗಳು ಬಲಿತ ಮೇಲೆ ಗಟ್ಟಿಯಾದ ಹತ್ತು ಹನ್ನೆರಡನ್ನು ಕಿತ್ತು ಸಾಲಾಗಿ ನೆಟ್ಟೆವು. ಆಮೇಲೆ ಅವು ಬೆಳೆದದ್ದು ನೋಡಬೇಕಿತ್ತು. ಸಂಜೆ ಕಂಡ ಎಲೆ ಬೆಳಿಗ್ಗೆ ಅಷ್ಟೇ ಇರುತ್ತಿರಲಿಲ್ಲ. ದೇವೀರಿ ಹಿತ್ತಲಲ್ಲೇ ಬೀಡುಬಿಟ್ಟಳು. ಗಿಡ ಮಂಡಿಗೆ ಬಂತು, ಸೊಂಟಕ್ಕೆ ಬಂತು, ಭುಜಕ್ಕೆ ಬಂತು. ಅವಳು ಪಕ್ಕದಲ್ಲಿ ನಿಂತು ಅಂಗೈಯನ್ನು ತಲೆಯ ಮೇಲಿಟ್ಟು ಗಿಡದ ಕಡೆಗೆ ಚಾಚುವಳು. ಸಿದ್ದಾಜಮ್ಮನೂ ಬೇಲಿಯ ಆಚೆ ದಿನವೂ ಹಾಜರಿ. ನನಗಂತೂ ಪಾತ್ರೆ ತಿಕ್ಕುವಾಗಲೂ ಅದೇ ಯೋಚನೆ. ನಿಲ್ಲಬೇಡ, ನಿಲ್ಲಬೇಡ ಎನ್ನುತ್ತಿದ್ದೆ ಮನಸ್ಸಿನಲ್ಲೇ.

ನಿಂತವು. ಅವಳ ಬೈತಲೆಯ ಮಟ್ಟಕ್ಕೆ, ಹಗ್ಗ ಹಿಡಿದ ಹಾಗೆ, ಎಲ್ಲವೂ. ತುದಿಯಲ್ಲಿ ಮೊಗ್ಗಿನ ಗೊಂಚಲು ಮೂಡಿತು. ದೇವೀರಿ ಎರಡು ದಿನ ನೋಡಿದಳು. ಮೂರನೆಯ ದಿನ ನೋಡಲಿಲ್ಲ. ಒಳಗೆ ಬಂದು ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಬರುವ ವರ್ಷದ ಮಾತು ಬಾಯಿಗೆ ಬರಲಿಲ್ಲ.

ಅತ್ತೆ ಒಂದು ಎಲೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. "ಕಾಗ್ದ ಇದ್ದಂಗದೆ. ಸತ್ವ ಎಲ್ಲಾ ಹೂವಿಗ್ ಹೋಯ್ತಾ ಅದೆ. ಕುಡಿ ಚಿವುಟ್ಬೇಕು ಕಣಮ್ಮಿ, ಆಗ್ಲೇ ಎಲೆ ದಪ್ಪ ಆಗಾದು."

"ಚಿವುಟಾದಾ?" ಎಂದರು ಬೇಲಿಯ ಆಚೆಯ ಸಿದ್ದಾಜಮ್ಮ. "ಕೂಸು ಬಿತ್ತಿದ್ ಗಿಡದ್ ನೆತ್ತಿಯಾ? ನಿಮ್ಗೇನ್ ಬಂದದೆ ಅಜ್ಜಿ? ನಮ್ಮ ಹುಡ್ಗ ಹಾಕಿದ್ ದಾಸವಾಳದ್ ತುದಿ ಮೇಕೆ ತಿಂದಾಗ ಅವ್ನು ಒಂದ್ ವಾರ ಜ್ವರ ಬಂದ್ ಮಲಗಿರ್ಲಿಲ್ವಾ?"

"ಅವ ಮಳೇಲಿ ನೆಂದಿದ್ದ ಕಣೇ. ನಾನೇ ಕಂಡಿದ್ದೆ."

"ಮೇಕೆ ತಿಂದಿದ್ದಕ್ಕೇ ಅವನು ನೆಂದಿದ್ದು!"

ನಾನು ಅತ್ತೆಗೆ ಎದುರಾಡಿದವಳಲ್ಲ. ಅಂದು ಮಾತ್ರ, "ಬ್ಯಾಡಿ ಅತ್ತೆ. ಇರೋ ಒಂದ್ ಮಗು" ಎಂದುಬಿಟ್ಟೆ. ನಮ್ಮೂರಿನಲ್ಲಿ ತುದಿ ಚಿವುಟಿದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಚಿವುಟಿಲ್ಲ. ಮಗು ಇರುವಷ್ಟಕ್ಕೇ ನಿಂತುಬಿಡುತ್ತದೆ ಎನ್ನುವರು ಕೆಲವರು. ನನ್ನ ಮಗಳು ಇನ್ನೂ ಬೆಳೆಯುವವಳಾಗಿದ್ದರೆ, ಅದನ್ನು ನಾವೇ ಕೈಯಾರೆ ಕಳೆದ ಹಾಗೆ ಆಗುವುದಿಲ್ಲವೇ? ಅತ್ತೆ ನನ್ನ ಮುಖ ನೋಡಿದರು. "ಬ್ಯಾಡ ಬುಡು. ನಂಗೆ ಅಡ್ಕೆ ಸಾಕು" ಎಂದು ಒಳಗೆ ಹೋದರು. ಅಂದು ಅವರು ಮುದ್ದೆ ಮುರಿಯಲೇ ಇಲ್ಲ. ನಮ್ಮ ಯಜಮಾನರು ಮಿಲ್ಲಿನಿಂದ ಬಂದು ಒಮ್ಮೆ ಅವ್ವನನ್ನೂ ಒಮ್ಮೆ ಮಗಳನ್ನೂ ನೋಡಿ, ಯಾರ ಪಕ್ಷ ಹಿಡಿಯಬೇಕೋ ತಿಳಿಯದೆ ನೀರು ಸೇದಲು ಹೋದರು.

ಮರುದಿನ ಬೆಳಿಗ್ಗೆ ದೋಸೆಗೆ ರುಬ್ಬಿ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಬಂದೆ. ದೇವೀರಿ ಗಿಡಗಳ ನಡುವೆ ನಿಂತಿದ್ದಳು. ಮಡಿಲ ತುಂಬ ಮೊಗ್ಗಿನ ಕುಡಿಗಳು. ಬೆರಳುಗಳು ಅಂಟಿನಿಂದ ಕಪ್ಪಾಗಿದ್ದವು. ಓಡಿಹೋಗಿ ಅವಳ ನೆತ್ತಿ, ಹಣೆ, ಕತ್ತು ಎಲ್ಲ ಸವರಿದೆ.

"ನೋವಾಗ್ಲಿಲ್ಲ ಅವ್ವ," ಎಂದಳು. "ಒಂದೊಂದು ಚಿವುಟ್ದಾಗ್ಲೂ ನಿಂತ್ಕೊಂಡು ನೋಡ್ದೆ. ಏನೂ ಆಗ್ಲಿಲ್ಲ."

"ಯಾಕ್ ಮಾಡ್ದೆ ಮಗ?"

"ಅವು ಇನ್ ಮೇಲಕ್ ಹೋಗಾಕಿಲ್ಲ ಅಂತ ಗೊತ್ತಾಯ್ತಲ್ಲ. ಸುಮ್ಕೆ ಹೂ ಮುಡ್ಕೊಂಡ್ ನಿಂತಿದ್ರೆ ಅಜ್ಜಿಗೇನ್ ಸಿಕ್ತದೆ?" ಆಮೇಲೆ ಕೊನೆಯ ಗಿಡವನ್ನು ತೋರಿಸಿ, "ಅದೊಂದನ್ನ ಬುಟ್ಟಿವ್ನಿ. ಬೀಜಕ್ಕೆ" ಎಂದಳು.

ಅವಳ ಕೈಯನ್ನು ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದೆ. ಆ ರಸ ಮಕ್ಕಳ ಬಾಯಿಗೆ ಹೋಗಬಾರದು. ಒದ್ದೆ ಎಲೆ ಮುಟ್ಟಿದರೇ ದೊಡ್ಡವರಿಗೂ ತಲೆ ಸುತ್ತುತ್ತದೆ ಎಂದು ಅತ್ತೆ ಎಚ್ಚರಿಸಿದ್ದರು. ಅಂದೆಲ್ಲ ನಾನು ಅವಳ ಹಿಂದೆಯೇ ಸುತ್ತಿದೆ. ಜ್ವರ ಬರಲಿಲ್ಲ. ಹೊಟ್ಟೆ ತುಂಬ ಉಂಡಳು. ಸುದ್ದಿ ಹರಡಿ ಜನ ನೋಡಲು ಬಂದರು; ಮೊದಲು ಗಿಡಗಳನ್ನು, ಆಮೇಲೆ ಅವಳನ್ನು. ಚಿಕ್ಕಣ್ಣನೂ ಬಂದ. ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಿವುಟಿದ ಜಾಗವನ್ನು ಒಂದೊಂದಾಗಿ ನೋಡಿ, "ನಂಗೂ ಚಿಕ್ಕಂದಿನಲ್ಲಿ ಯಾರಾರ ಹಿಂಗ್ ಮಾಡಿದ್ರೆ, ನಿಮ್ಮನೆ ಬಾಗ್ಲಿಗೆ ಹಣೆ ಹೊಡ್ಕಳಾದು ತಪ್ತಿತ್ತಲ್ಲ ಕೂಸೇ" ಎಂದ. ದೇವೀರಿ ನಕ್ಕಳು. ಕೂತ ಚಿಕ್ಕಣ್ಣನ ಕಣ್ಣೂ ನಿಂತ ಅವಳ ಕಣ್ಣೂ ಒಂದೇ ಮಟ್ಟದಲ್ಲಿದ್ದವು.

ಮೇಲೆ ಹೋಗಲು ದಾರಿಯಿಲ್ಲದ ಗಿಡ ಸುಮ್ಮನಿರುತ್ತದೆಯೇ? ಪ್ರತಿ ಎಲೆಯ ಕಂಕುಳಿನಿಂದ ಒಂದೊಂದು ಚಿಗುರು ಹೊಡೆಯಿತು. ಅವನ್ನೂ ಮುರಿಯಬೇಕು, ಇಲ್ಲದಿದ್ದರೆ ಸತ್ವ ಅಲ್ಲಿಗೆ ಹೋಗುತ್ತದೆ ಎಂದರು ಅತ್ತೆ. ಶಾಲೆಯಿಂದ ಬಂದ ಮೇಲೆ ಅದು ದೇವೀರಿಯ ಕೆಲಸವಾಯಿತು. ಈಗ ಎಲೆಗಳು ಅಗಲವಾದವು, ಮೊರದಷ್ಟು. ಹಿಡಿದರೆ ತೂಕ ಬರುತ್ತಿತ್ತು, ಮೇಲೆ ಎಣ್ಣೆಯ ಜಿಡ್ಡು. ಚಿವುಟದೆ ಬಿಟ್ಟ ಗಿಡ ಮಾತ್ರ ತೆಳ್ಳಗೆ ನಿಂತು, ಸಂಜೆಯಾದರೆ ಗುಲಾಬಿ ಬಣ್ಣದ ಕೊಳವೆ ಹೂ ಬಿಡುತ್ತಿತ್ತು. ಹೂವು ಅವಳ ಮೂಗಿನ ಎದುರಿಗೇ ಇರುತ್ತಿದ್ದುದರಿಂದ, ಅದರೊಳಗೆ ಹುಳು ಹೇಗೆ ನುಗ್ಗುತ್ತದೆ ಎಂದು ಅವಳಿಗೇ ಎಲ್ಲರಿಗಿಂತ ಮೊದಲು ಗೊತ್ತಾಯಿತು.

ಕೆಳಗಿನ ಎಲೆ ಹಳದಿ ತಿರುಗಿದ ಹಾಗೆಲ್ಲ ಕಿತ್ತು, ಗೋಣಿದಾರದಲ್ಲಿ ಪೋಣಿಸಿ ಒಳಗಿನ ತೊಲೆಗೆ ನೇತುಹಾಕಿದೆವು. ಎಷ್ಟು ತೊಳೆದರೂ ನನ್ನ ಕೈಯ ಕಹಿ ಹೋಗದೆ, ನಾನು ತಟ್ಟಿದ ರೊಟ್ಟಿಯೂ ಕಹಿಯಾಗಿ, ಇವರು ಒಂದು ವಾರ ತಾವೇ ತಟ್ಟಿದರು. ಎಲೆ ಹಳದಿಯಿಂದ ಕಂದಾಯಿತು. ಮನೆಯೆಲ್ಲ ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಹಳೆಯ ಬೆಲ್ಲದ ವಾಸನೆ. ಅತ್ತೆ ಬೆಲ್ಲದ ನೀರು ಚಿಮುಕಿಸಿ ಕಂತೆ ಕಟ್ಟಿ, ರುಬ್ಬುಗುಂಡಿನ ಕೆಳಗೆ ಒತ್ತಿಟ್ಟರು. ದಿನವೂ ಮೂಸಿ ನೋಡುವರು, "ಇನ್ನ ಆಗಿಲ್ಲ" ಎನ್ನುವರು.

ಆದ ದಿನ ಜಗಲಿಯಲ್ಲಿ ಕೂತು, ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಹೊಗೆಸೊಪ್ಪಿನ ಒಂದು ಚೂರು ಮುರಿದು ಹಾಕಿಕೊಂಡರು. ಕಣ್ಣು ಮುಚ್ಚಿದರು. ದೇವೀರಿ ಎದುರಿಗೆ ಕೂತು ಅವರ ದವಡೆಯನ್ನೇ ನೋಡುತ್ತಿದ್ದಳು. ತುಂಬ ಹೊತ್ತಾಯಿತು. ಎದ್ದು ಹೋಗಿ ಚರಂಡಿಗೆ ಉಗಿದು, ಬಾವಿಯ ಪಕ್ಕದ ನುಗ್ಗೆಮರಕ್ಕೆ ಕೈ ಊರಿ ನಿಂತು, "ನಮ್ಮಪ್ಪನ ಮನೇಲಿ ಕುಂತಂಗಾಯ್ತು" ಎಂದರು. ರಾತ್ರಿ ಎರಡು ಮುದ್ದೆ ಉಂಡರು.

ಸಿದ್ದಾಜಮ್ಮ ಮರುದಿನವೇ ಬಂದರು, ಬೇಲಿಯ ಹತ್ತಿರ ನಿಲ್ಲದೆ ಮುಂಬಾಗಿಲಿನಿಂದ. ಅವರ ಮನೆಯಲ್ಲೂ ಹಲ್ಲಿಲ್ಲದ, ಬೆನ್ನು ಬಾಗಿದ ಅತ್ತೆ ಇದ್ದಾರೆ. ಪೀರು ಸಾಬರು ಬಾರದೆ ಅಲ್ಲೂ ಜಗಳವೇ. "ನಮ್ ಹಿತ್ಲಲ್ಲೂ ಒಂದ್ ಸಾಲು ಹಾಕಣಾಂತ. ನಾನ್ ಬಿತ್ತಿದ್ರೆ ಗಿಡ ನನ್ನುದ್ದ ಆಯ್ತದೆ, ನಮ್ಮತ್ತೆ ಕೈಗೆ ಎಟುಕಾಕಿಲ್ಲ. ನಿನ್ ಮಗ್ಳು ಹಾಕುದ್ರೆ ಕುಂತಲ್ಲೇ ಕಿತ್ಕೋಬೋದು ನೋಡು. ನಾಳೀಕ್ ಕಳ್ಸವ್ವ" ಎಂದರು. ಕಂಬದ ಹಿಂದಿನಿಂದ ದೇವೀರಿ ಮುಖ ಚಾಚಿ ಕೇಳಿದಳು:

"ಊಟಕ್ಕೇನ್ ಮಾಡ್ತೀರವ್ವ?"

ಸಿದ್ದಾಜಮ್ಮ ಬೆಪ್ಪಾಗಿ ತಮ್ಮ ಗದ್ದಕ್ಕೆ ಕೈ ಇಟ್ಟುಕೊಂಡರು. "ಅಯ್ಯೋ ಇವಳ! ಒಬ್ಬಟ್ಟು ಮಾಡ್ತೀನಿ ಬಾರವ್ವ, ಒಬ್ಬಟ್ಟು!"

ಅವರು ಹೋದ ಮೇಲೆ ನಾನು ಸಾರಿಗೆ ಒಗ್ಗರಣೆ ಹಾಕಲು ಬಾಣಲೆಯಿಟ್ಟು, "ದೇವೀ, ನಾಕ್ ಎಸ್ಳು ಕರಿಬೇವು ತಾ ಮಗ" ಎಂದು ಕೂಗಿದೆ. ಅವಳು ಎಷ್ಟೋ ದಿನದಿಂದ ಆ ಗಿಡದ ಹತ್ತಿರ ಹೋಗಿರಲಿಲ್ಲ. ಬಂದು ನನ್ನ ಅಂಗೈಯಲ್ಲಿ ಇಟ್ಟಳು. ಎಲೆಗಳು ತೀರಾ ಎಳೆಯವು, ತಿಳಿಹಸಿರು, ಇನ್ನೂ ಪೂರ್ತಿ ಬಿಚ್ಚಿಕೊಂಡಿರದ ಒಂದು ಸುಳಿ. ನಾನು ಅಷ್ಟು ವರ್ಷ ದಿನವೂ ನೋಡಿದ ಸುಳಿ. ಕಿಟಕಿಯಿಂದ ಇಣುಕಿದೆ. ಗಿಡಕ್ಕೆ ತುದಿಯಿರಲಿಲ್ಲ.

"ಅದೂ ಸುಮ್ಕೆ ನಿಂತಿತ್ತು," ಎಂದಳು.

ಸಾಸಿವೆ ಸಿಡಿಯುತ್ತಿತ್ತು. ನಾನು ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವಳ ತಲೆ ನನ್ನ ಎದೆ ಬಡಿದುಕೊಳ್ಳುವ ಜಾಗಕ್ಕೆ ಸರಿಯಾಗಿ ಬಂದು ತಾಗಿತು. ಹೋದ ವರ್ಷ ಎಲ್ಲಿಗೆ ತಾಗುತ್ತಿತ್ತೋ ನೆನಪಾಗಲಿಲ್ಲ. ಹೋದ ವರ್ಷ ನಾನು ಗಿಡವನ್ನಲ್ಲವೇ ನೋಡುತ್ತಿದ್ದದ್ದು. ಎಣ್ಣೆ ಹೊಗೆಯಾಡುತ್ತಿತ್ತು. ಸುಳಿಯನ್ನು ಬಾಣಲೆಗೆ ಹಾಕಿದೆ. ಚಟಪಟ ಸದ್ದು ಎದ್ದು, ಇಬ್ಬರೂ ಹಿಂದಕ್ಕೆ ಜಿಗಿದೆವು.

ಊಟಕ್ಕೆ ಕೂತ ಇವರು ಮೊದಲ ತುತ್ತಿಗೇ ತಲೆ ಎತ್ತಿ, "ಇವತ್ ಸಾರಿಗೇನ್ ಹಾಕಿದ್ದೀಯೆ?" ಎಂದರು.

"ಕರಿಬೇವು," ಎಂದೆ. ದೇವೀರಿ ತಟ್ಟೆ ಮುಂದೆ ಚಾಚಿ ಇನ್ನೊಂದು ಸೌಟು ಹಾಕಿಸಿಕೊಂಡಳು.